ಗಿಲ್ಮೋರಿನಲ್ಲಿ ನನ್ನ ಪಟ್ಟಿ

"ಮಗನಿಗಾ, ಮಮ್ಮಿ?"

ಕಂಪ್ಯೂಟರ್ ಅಂಗಡಿಗಳೇ ತುಂಬಿದ ಗಿಲ್ಮೋರ್ ರಸ್ತೆಯಲ್ಲಿ ನನ್ನ ವಯಸ್ಸಿನ ಹೆಂಗಸರೆಲ್ಲ "ಮಮ್ಮಿ". ಮೊದಲನೇ ಅಂಗಡಿಯಲ್ಲಿ ಕೇಳಿದ್ದು ಈ ಮಾತು. ಎರಡನೇ ಅಂಗಡಿಯಲ್ಲೂ ಇದೇ. ಮೂರನೆಯವನು ಅಷ್ಟೂ ಕೇಳಲಿಲ್ಲ, "ಮಗ ಎಷ್ಟನೇ ಕ್ಲಾಸು?" ಎಂದು ಅಲ್ಲಿಂದಲೇ ಶುರು ಮಾಡಿದ. ನನಗೆ ಮಗನಿಲ್ಲ. ಹದಿನೇಳು ವರ್ಷದ ಮಗಳಿದ್ದಾಳೆ, ಕ್ರಿಸ್ಟೆಲ್. ಅವಳಿಗೆ ಕಂಪ್ಯೂಟರೆಂದರೆ ಶಾಲೆಯ ಕೆಲಸ, ಶಾಲೆಯ ಕೆಲಸವೆಂದರೆ ಆಕಳಿಕೆ. ಆದರೂ ನಾನು "ಹೌದು, ಮಗನಿಗೆ" ಎಂದುಬಿಟ್ಟೆ. ಹಾಗೆಂದರೆ ಮಾತು ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆ. ಮುಗಿಯಲಿಲ್ಲ. ಐದನೇ ಅಂಗಡಿ ಮುಟ್ಟುವಷ್ಟರಲ್ಲಿ ನನ್ನ ಇಲ್ಲದ ಮಗ ಒಂಬತ್ತನೇ ತರಗತಿಗೆ ಬಂದಿದ್ದ, ಅವನಿಗೆ ಬಂದೂಕಿನ ಆಟ ಇಷ್ಟವಾಗಿತ್ತು, ಗಣಿತದಲ್ಲಿ ಹಿಂದೆ ಬಿದ್ದಿದ್ದ. ಅವನ ಅಮ್ಮನಿಗೆ ಏನೂ ತಿಳಿಯುವುದಿಲ್ಲವಾದ್ದರಿಂದ ಮುಂದಿನ ಸಲ ಅವನನ್ನೇ ಕರೆತರುವುದು ಒಳ್ಳೆಯದೆಂದೂ ತೀರ್ಮಾನವಾಗಿತ್ತು.

"ಕರ್ಕೊಂಡ್ ಬನ್ನಿ ಮಮ್ಮಿ, ಅವನೇ ನೋಡಿ ತಗೋತಾನೆ. ನಿಮಗ್ಯಾಕೆ ಈ ತಲೆನೋವು?"

ನನ್ನ ಕೈಯಲ್ಲಿ ಪಟ್ಟಿಯಿತ್ತು. ಎರಡು ತಿಂಗಳು ಕೂತು ಮಾಡಿದ ಪಟ್ಟಿ. ಬೆಳಿಗ್ಗೆ ಕೊರಿಯಾದ ಮಕ್ಕಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಪಾಠ ಹೇಳುವುದು ನನ್ನ ಕೆಲಸ. ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡುವು ಸಿಗುತ್ತದೆ. ಆ ಐದೈದು ನಿಮಿಷಗಳಲ್ಲಿ ನಾನು ಪ್ರೊಸೆಸರ್ ಎಂದರೇನು, ಗ್ರಾಫಿಕ್ಸ್ ಕಾರ್ಡಿನಲ್ಲಿ ಎಷ್ಟು ಮೆಮೊರಿ ಇರಬೇಕು, ರ‍್ಯಾಮ್ ಒಂದೇ ತುಂಡಾಗಿ ಹಾಕುವುದಕ್ಕಿಂತ ಎರಡಾಗಿ ಹಾಕಿದರೆ ಯಾಕೆ ವೇಗ ಎಂದೆಲ್ಲ ಕಲಿತೆ. ಇದ್ದದ್ದು ನಲವತ್ತೈದು ಸಾವಿರ ಪೆಸೊ. ಅಷ್ಟರಲ್ಲಿ ಒಂದನ್ನು ಎತ್ತರಿಸಿದರೆ ಇನ್ನೊಂದು ಕುಸಿಯುತ್ತದೆ, ಗಿಡ್ಡ ಹೊದಿಕೆಯ ಹಾಗೆ. ತಲೆಗೆಳೆದರೆ ಕಾಲು ಚಳಿ.

ನಾನು ಕಾಲಿನ ಕಡೆಗೇ ಎಳೆದುಕೊಂಡೆ. ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿ, ಉಳಿದ ದುಡ್ಡನ್ನು ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈಗೆ ಇಟ್ಟೆ. ಕಾರಣ ನಮ್ಮ ಬೀದಿ. ನಾವಿರುವುದು ಮರಿಕಿನಾದಲ್ಲಿ, ಗೋಡೆಯಾಚೆ ಬೂಟು ಹೊಲಿಯುವ ಕಾರ್ಖಾನೆ. ಅಲ್ಲಿ ಅಟ್ಟೆ ಒತ್ತುವ ಯಂತ್ರ ಹಾಕಿದರೆ ನಮ್ಮ ಮನೆಯ ದೀಪ ಒಮ್ಮೆ ಕಣ್ಣು ಮುಚ್ಚಿ ತೆಗೆಯುತ್ತದೆ. ದಿನಕ್ಕೆ ನೂರು ಸಲ. ಅಗ್ಗದ ಪವರ್ ಸಪ್ಲೈ ಡಬ್ಬದ ಮೇಲೆ ಏಳುನೂರು ವ್ಯಾಟ್ ಎಂದು ಬರೆದಿರುತ್ತಾರೆ, ಒಳಗೆ ಅದರ ಅರ್ಧವೂ ಇರುವುದಿಲ್ಲ. ಬರೆದಷ್ಟನ್ನೂ ನಿಜವಾಗಿ ಕೊಡುವುದಕ್ಕೆ ಇಲ್ಲಿ "ಟ್ರೂ ರೇಟೆಡ್" ಅನ್ನುತ್ತಾರೆ. ನನ್ನ ಪಟ್ಟಿಯಲ್ಲಿ ಆ ಎರಡು ಪದಗಳ ಕೆಳಗೆ ಎರಡು ಗೆರೆ ಎಳೆದಿದ್ದೆ.

ಹಳೆಯ ಕಂಪ್ಯೂಟರು ಹಾಳಾದದ್ದೇ ಹೀಗೆ. ಒಂದು ಪೆಸೊ ನಾಣ್ಯ ಹಾಕಿದರೆ ಐದು ನಿಮಿಷ ಓಡುವ ಕಂಪ್ಯೂಟರಿನ ಅಂಗಡಿಯೊಂದು ನಮ್ಮ ಓಣಿಯಲ್ಲಿ ಮುಚ್ಚಿದಾಗ ಕೊಂಡದ್ದು ಅದು. ಪಾಠದ ನಡುವೆ ನಿಂತುಬಿಡುತ್ತದೆ. ಅದನ್ನಾದರೂ ಸಹಿಸಬಹುದು, ಮಕ್ಕಳು ನಗುತ್ತಾರೆ ಅಷ್ಟೆ. ಶುಕ್ರವಾರ ನಿಂತರೆ ಸಹಿಸಲಾಗುವುದಿಲ್ಲ.

ಶುಕ್ರವಾರ ನನ್ನ ಅಕ್ಕ ದಿವಿನಾಗೆ ರಜೆ. ಅವಳು ಕುವೈತಿನಲ್ಲಿ ಒಂದು ಮನೆಯ ಮುದುಕಿಯನ್ನು ನೋಡಿಕೊಳ್ಳುತ್ತಾಳೆ, ಹನ್ನೊಂದು ವರ್ಷವಾಯಿತು. ಅವಳಿಗೆ ಬೆಳಿಗ್ಗೆ ಒಂಬತ್ತಾದಾಗ ನನಗೆ ಮಧ್ಯಾಹ್ನ ಎರಡು. ಆಗ ನಾವಿಬ್ಬರೂ ಒಂದು ಆಟದೊಳಗೆ ಹೋಗುತ್ತೇವೆ. ಅದರಲ್ಲಿ ಕಾಡಿದೆ, ಕಾಡಿನಲ್ಲಿ ಮೃಗಗಳಿವೆ. ಅಕ್ಕನದು ಭರ್ಜಿ, ನನ್ನದು ಬಿಲ್ಲು. ಫೋನಿನಲ್ಲೂ ಮಾತಾಡುತ್ತೇವೆ, ಇಲ್ಲವೆಂದಲ್ಲ. ಆದರೆ ಫೋನಿನಲ್ಲಿ ನಾವು ಇಬ್ಬರು ಹೆಂಗಸರು: ಅಮ್ಮನ ಮೊಣಕಾಲು, ಕ್ರಿಸ್ಟೆಲಳ ಶಾಲೆ, ಸೋರುವ ಮಾಡು. ಆಟದಲ್ಲಿ ಅಕ್ಕ ಹಂದಿಗೆ ಹೆದರಿ ಮರ ಹತ್ತುತ್ತಾಳೆ. ನಾನು ಕೆಳಗೆ ನಿಂತು ಅವಳನ್ನು ಹೇಡಿ ಎನ್ನುತ್ತೇನೆ. ಅವಳು ಬಾಯಿಗೆ ಬಂದದ್ದು ಬೈಯುತ್ತಾಳೆ. ನಗುತ್ತ ನಗುತ್ತ ಒಬ್ಬರಿಗೊಬ್ಬರ ಉಸಿರು ಕೇಳುತ್ತದೆ.

ಹಳೆಯ ಯಂತ್ರ ನಿಂತುಹೋದಾಗ ಆಟದಲ್ಲಿ ನಾನೂ ಕಲ್ಲಾಗಿ ನಿಲ್ಲುತ್ತೇನೆ. ಆಡುವಾಗಲೂ ಕಿವಿಗೆ ಹಾಕಿಕೊಂಡಿರುವ ಫೋನಿನಲ್ಲಿ ಅಕ್ಕನ ದನಿ ಮಾತ್ರ: "ಸೆಲಿ? ಸೆಲಿ, ಎಲ್ಲಿ ಹೋದೆ? ಇವು ನಾಲ್ಕಿವೆ ಕಣೇ, ನಾನೊಬ್ಳೇ ಇದ್ದೀನಿ." ಏನೂ ಮಾಡಲಾಗದೆ ಕೂತಿರುತ್ತೇನೆ. ಬರುವ ತಿಂಗಳ ಒಂದರಿಂದ ಆಟದ ಹೊಸ ರೂಪ ಬರುತ್ತಿತ್ತು. ಅದು ಈ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಅಕ್ಕ ಈ ವರ್ಷ ಬರುತ್ತಾಳೆ ಎಂದುಕೊಂಡಿದ್ದೆವು, ಮತ್ತೆ ಎರಡು ವರ್ಷಕ್ಕೆ ಒಪ್ಪಂದ ಮಾಡಿಕೊಂಡಳು. ಹಾಗಾಗಿ ಒಂದನೇ ತಾರೀಖಿನೊಳಗೆ ನನಗೆ ಹೊಸದು ಬೇಕಿತ್ತು. ಇಷ್ಟನ್ನೂ ಅಂಗಡಿಯವನಿಗೆ ಹೇಗೆ ಹೇಳುವುದು? ನಲವತ್ತಾರು ವರ್ಷದ ನಾನು, ಅರಾಸೆಲಿ, ಬಿಲ್ಲು ಹಿಡಿದು ಹಂದಿ ಹೊಡೆಯುತ್ತೇನೆ ಎಂದೇ?

ಪಟ್ಟಿ ಸರಿಯಿದೆಯೇ ಎಂದು ಕಂಪ್ಯೂಟರ್ ಕಟ್ಟುವವರ ಫೇಸ್‌ಬುಕ್ ಗುಂಪಿನಲ್ಲೂ ಕೇಳಿದ್ದೆ. ನನ್ನ ಹೆಸರಿನಲ್ಲಿ ಹಾಕಿದಾಗ ಬಂದ ಉತ್ತರಗಳಲ್ಲಿ ಅರ್ಧ "ಮ್ಯಾಮ್, ಮಗನ ಹುಟ್ಟುಹಬ್ಬಕ್ಕಾ?" ಎಂದಿದ್ದವು, ಇನ್ನರ್ಧ ನಗುವ ಮುಖಗಳು. ಎರಡು ದಿನ ಬಿಟ್ಟು ಅದೇ ಪಟ್ಟಿಯನ್ನು ಗಂಡ ರೆನಾಟೊನ ಖಾತೆಯಿಂದ ಹಾಕಿದೆ. "ಬಾಸ್, ಪವರ್ ಸಪ್ಲೈ ಆಯ್ಕೆ ಸೂಪರ್." "ಬಾಸ್, ವಿಷಯ ಗೊತ್ತಿದೆ ನಿಮಗೆ." ರೆನಾಟೊಗೆ ತೋರಿಸಿದೆ. ಅವನು ಮೀಸೆಯಡಿ ನಕ್ಕು, "ನೋಡು, ನನಗೆಷ್ಟು ಗೊತ್ತಿದೆ" ಎಂದ. ಅವನಿಗೆ ಮೌಸಿನ ತಂತಿ ಎಲ್ಲಿ ಚುಚ್ಚುವುದೆಂದೂ ಗೊತ್ತಿಲ್ಲ. ನಾನೂ ನಕ್ಕೆ. ಆಗ ನಗಬಾರದಿತ್ತೇನೋ.

ಅಂಗಡಿಗಳನ್ನೆಲ್ಲ ಸುತ್ತಿ ಬೆಲೆ ಬರೆದುಕೊಂಡು ಬಂದು ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿದ್ದೆ. ಬುಧವಾರ ಊಟಕ್ಕೆ ಕೂತಾಗ ನೋಡಿದರೆ ಅದು ಅಲ್ಲಿರಲಿಲ್ಲ.

"ಪಟ್ಟಿ ಎಲ್ಲಿ?"

ರೆನಾಟೊ ಒಣಮೀನಿನ ಮುಳ್ಳು ಬಿಡಿಸುತ್ತಿದ್ದ. "ಎಫ್ರೆನ್‌ಗೆ ಕೊಟ್ಟೆ."

"ಯಾಕೆ?"

"ಯಾಕೆ ಅಂದ್ರೆ? ಗಿಲ್ಮೋರಲ್ಲಿ ಅವನ ಅಂಗಡಿ ಇಟ್ಕೊಂಡು ಬೇರೆಯವನ ಹತ್ರ ಹೋಗಿ ತಗೊಂಡ್ರೆ ಅವನ ಕಿವಿಗೆ ಬೀಳಲ್ವಾ? ನಮ್ಮ ಮಗಳ ಧರ್ಮತಂದೆ ಅವನು."

ನಾನು ಎಫ್ರೆನನ ಅಂಗಡಿಯನ್ನು ಬೇಕೆಂದೇ ಬಿಟ್ಟು ಸುತ್ತಿದ್ದೆ. ಅವನಿದ್ದ ಬದಿಯ ಫುಟ್‌ಪಾತಿನಲ್ಲಿ ಕಾಲೂ ಇಟ್ಟಿರಲಿಲ್ಲ. ಅವನು ಕೆಟ್ಟವನೆಂದಲ್ಲ. ಕ್ರಿಸ್ಟೆಲಳ ದೀಕ್ಷಾಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವನು. ಅಂದಿನಿಂದ ರೆನಾಟೊ ಅವನಿಗೆ "ಪಾರೆ", ನಾನು "ಮಾರೆ", ನಮಗೆ ಅವನೂ "ಪಾರೆ". ಈ ಹೆಸರು ಬಿದ್ದ ಮೇಲೆ ಅಣ್ಣತಮ್ಮಂದಿರಿಗಿಂತ ಹೆಚ್ಚು. ಅಂಗಡಿಯವನ ಹತ್ತಿರ ಚೌಕಾಶಿ ಮಾಡಬಹುದು, ಬೇಡವೆನ್ನಬಹುದು, ಎದ್ದು ಹೋಗಬಹುದು. ಪಾರೆಯ ಹತ್ತಿರ ಇವು ಯಾವುದೂ ಆಗುವುದಿಲ್ಲ. ಅವನು ಕೊಟ್ಟದ್ದನ್ನು ತಗೊಂಡು, ಅವನು ಕೊಟ್ಟ ಸೋಡಾ ಕುಡಿದು, ಅವನ ಹೆಂಡತಿಯ ಆರೋಗ್ಯ ಕೇಳಿ ಬರಬೇಕು.

"ಯಾರಿಗೆ ಅಂತ ಹೇಳಿದೆ?" ಎಂದು ಕೇಳಿದೆ.

ರೆನಾಟೊ ಅನ್ನ ಕಲಸಿದ. "ನನಗೆ ಅಂತ."

"ನಿನಗೆ?"

"ಮತ್ತೇನು ಹೇಳ್ಲಿ ಸೆಲಿ? ನನ್ನ ಹೆಂಡ್ತಿ ವೀಡಿಯೋ ಗೇಮ್ ಆಡ್ತಾಳೆ ಅಂತ ಹೇಳ್ಲಾ? ಶನಿವಾರ ಕುಡಿಯೋಕ್ ಕೂತಾಗ ವರ್ಷಪೂರ್ತಿ ಅದೇ ಮಾತಾಗತ್ತೆ. ನಿನಗೆ ಬೇಕಾಗಿರೋದು ಕಂಪ್ಯೂಟರ್ ತಾನೆ? ಬರತ್ತೆ ಬಿಡು."

ಅವನು ಸಿಟ್ಟಿನಿಂದ ಹೇಳಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ಬೇರೆಯವರ ಮುಂದೆ ಇಲ್ಲದ ಮಗನ ಹಿಂದೆ ನಾನೇ ಅಡಗಿದ್ದೆ ಎಂಬುದೂ ನೆನಪಾಯಿತು. ಸುಳ್ಳು ಹೇಳುವುದನ್ನು ನಾನು ಐದು ಅಂಗಡಿಗಳಲ್ಲಿ ಅಭ್ಯಾಸ ಮಾಡಿ ಬಂದಿದ್ದೆ. ಅವನು ಒಂದೇ ಅಂಗಡಿಯಲ್ಲಿ ಹೇಳಿದ್ದ. ಯಾವ ಬಾಯಲ್ಲಿ ಬೈಯಲಿ? ತಟ್ಟೆಯೆತ್ತಿ ತೊಳೆಯಲು ಹೋದೆ. ಮೂರು ಜನರ ತಟ್ಟೆಗೆ ಅರ್ಧ ಗಂಟೆ ಹಿಡಿಯಿತು.

ಶನಿವಾರ ಬೆಳಿಗ್ಗೆ ಇಬ್ಬರೂ ರೈಲು ಹಿಡಿದು ಗಿಲ್ಮೋರಿಗೆ ಹೋದೆವು. ಎಫ್ರೆನ್ ಅಂಗಡಿಯ ಬಾಗಿಲಲ್ಲೇ ನಿಂತಿದ್ದ, ಮದುಮಗನ ಕಡೆಯವರ ದಾರಿ ಕಾಯುವ ಹಾಗೆ.

"ಪಾರೆ! ಮಾರೆ! ಬನ್ನಿ ಬನ್ನಿ. ಕಣ್ಮುಚ್ಕೊಂಡ್ ಬಾ ಪಾರೆ, ಕಣ್ಮುಚ್ಕೊಂಡ್ ಬಾ!"

ಗಿರಾಕಿಗಳ ನಡುವೆ ಕಣ್ಣು ಮುಚ್ಚಿಕೊಂಡು ಹೋದ ರೆನಾಟೊ ಒಬ್ಬಳ ಕಾಲು ತುಳಿದ. ಕೌಂಟರಿನ ಮೇಲೆ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಆರು ಫ್ಯಾನು, ಆರರಲ್ಲೂ ಕೆಂಪು ದೀಪ. ರೆನಾಟೊ ಬಾಸ್ಕೆಟ್‌ಬಾಲಿನಲ್ಲಿ ಬೆಂಬಲಿಸುವ ತಂಡದ ಬಣ್ಣ ಕೆಂಪು.

"ನಿನ್ನ ತಂಡ!" ಎಂದ ಎಫ್ರೆನ್. "ಎರಡು ದಿನ ಕೂತು ಕಟ್ಟಿದ್ದೀನಿ. ಕೂಲಿ ಇಲ್ಲ, ಏನಿಲ್ಲ. ನಲವತ್ತೈದರೊಳಗೇ ಮುಗಿಸಿದ್ದೀನಿ."

ರೆನಾಟೊನ ಮುಖದ ಮೇಲೆ ಕೆಂಪು ಬೆಳಕು ಕುಣಿಯುತ್ತಿತ್ತು. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ನಾನು ಬಗ್ಗಿ ಗಾಜಿನೊಳಗೆ ನೋಡಿದೆ.

ರ‍್ಯಾಮ್ ಒಂದೇ ತುಂಡು. ಗ್ರಾಫಿಕ್ಸ್ ಕಾರ್ಡು ನಾನು ಬರೆದದ್ದಕ್ಕಿಂತ ದೊಡ್ಡದು, ಎರಡು ಫ್ಯಾನಿನ ಬದಲು ಮೂರು. ಗಾಳಿ ಬರಬೇಕಾದ ಮುಂಭಾಗದಲ್ಲಿ ಜಾಲರಿಯಿಲ್ಲ, ಅಲ್ಲೂ ಗಾಜು. ಕೆಳಗೆ ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ, ಪೆಟ್ಟಿಗೆಯ ಜೊತೆಗೇ ಬರುವ ಹೆಸರಿಲ್ಲದ ಪವರ್ ಸಪ್ಲೈ. ಏಳುನೂರು ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ.

"ಎಫ್ರೆನ್, ಇದು ಪಟ್ಟೀಲಿರೋದಲ್ಲ."

"ಪಟ್ಟೀಲಿರೋದಕ್ಕಿಂತ ಒಳ್ಳೇದು ಮಾರೆ. ಯಾರೋ ಇಂಟರ್ನೆಟ್ಟಲ್ಲಿ ನೋಡಿ ಬರೆದ ಪಟ್ಟಿ ಅದು. ಪವರ್ ಸಪ್ಲೈಗೆ ಅಷ್ಟು ದುಡ್ಡು ಯಾರಾದ್ರೂ ಹಾಕ್ತಾರಾ? ಅದೇನು ಕಣ್ಣಿಗೆ ಕಾಣೋದಾ? ಆ ದುಡ್ಡನ್ನ ಕಾರ್ಡಿಗೆ ಹಾಕಿದೆ."

"ಕಾರ್ಡು ದೊಡ್ಡದಾದ್ರೆ ಕರೆಂಟೂ ಜಾಸ್ತಿ ಎಳೆಯತ್ತೆ. ನಮ್ಮ ಪಕ್ಕದಲ್ಲಿ ಬೂಟಿನ ಕಾರ್ಖಾನೆ ಇದೆ, ಅಲ್ಲಿ ಯಂತ್ರ ಹಾಕಿದಾಗೆಲ್ಲ ನಮ್ಮಲ್ಲಿ ವೋಲ್ಟೇಜ್ ಬೀಳತ್ತೆ. ಇದು ತಡೆಯಲ್ಲ."

ಎಫ್ರೆನ್ ರೆನಾಟೊನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಪಾರೆ, ಮನೇಲಿ ಇಂಜಿನಿಯರ್ ಇಟ್ಕೊಂಡಿದ್ದೀಯ, ಹೇಳಲೇ ಇಲ್ಲ!"

ಪಕ್ಕದಲ್ಲಿ ಕೀಬೋರ್ಡು ನೋಡುತ್ತಿದ್ದ ಇಬ್ಬರು ನಕ್ಕರು. ರೆನಾಟೊ ನನ್ನ ಚಪ್ಪಲಿಯ ಮೇಲೆ ಮೆಲ್ಲಗೆ ತನ್ನ ಕಾಲಿಟ್ಟು ಒತ್ತಿದ. ನಮ್ಮ ಮನೆಯಲ್ಲಿ ಅದರರ್ಥ: ಸಾಕು, ಮನೆಗೆ ಹೋಗಿ ಮಾತಾಡೋಣ. ಈ ಒತ್ತುವಿಕೆಗೆ ನಾನು ಎಷ್ಟು ಸಲ ಬಾಯಿ ಮುಚ್ಚಿದ್ದೇನೆ! ಅವನ ಅಮ್ಮನ ಮನೆಯಲ್ಲಿ, ಕ್ರಿಸ್ಟೆಲಳ ಶಾಲೆಯಲ್ಲಿ, ಸಾವಿನ ಮನೆಗಳಲ್ಲಿ ಕೂಡ. ಮನೆಗೆ ಹೋದ ಮೇಲೆ ಮಾತಾಡಿದ್ದು ಒಂದು ಸಲವೂ ಇಲ್ಲ.

"ಮಾರೆ," ಎಫ್ರೆನ್ ದನಿ ತಗ್ಗಿಸಿದ, "ನನ್ನ ಮೇಲೆ ನಂಬಿಕೆ ಇಲ್ವಾ? ಬೇರೆ ಗಿರಾಕಿ ಆಗಿದ್ರೆ ಇಷ್ಟು ಮಾಡ್ತಿದ್ನಾ? ಪಾರೆಗೆ ಅಂತ ಮಾಡಿದ್ದು. ಗಂಡಸು ದಿನವೆಲ್ಲ ಆಫೀಸಲ್ಲಿ ದುಡಿದು ಬಂದು ಒಂದು ಗಂಟೆ ಆಟ ಆಡ್ತೀನಿ ಅಂದ್ರೆ ಹೆಂಡ್ತಿ ಇಷ್ಟು ಲೆಕ್ಕ ಕೇಳ್ಬಾರ್ದು."

ಕಾಲನ್ನು ಎಳೆದುಕೊಂಡೆ. ಚಪ್ಪಲಿ ರೆನಾಟೊನ ಕಾಲಡಿಯಲ್ಲೇ ಉಳಿಯಿತು.

"ಆಡೋದು ಅವನಲ್ಲ, ನಾನು," ಎಂದೆ. "ಕಂಪ್ಯೂಟರ್ ನನ್ನದು. ಪಟ್ಟಿ ಬರೆದದ್ದೂ ನಾನೇ."

ದನಿ ಬೇಕಾದ್ದಕ್ಕಿಂತ ಜೋರಾಯಿತು. ಕೀಬೋರ್ಡಿನವರು ನಗು ನಿಲ್ಲಿಸಿ ತಿರುಗಿದರು. ಎಫ್ರೆನ್ ನನ್ನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಅವನ ಮುಖ ಬೆಳಗಿತು.

"ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ ಮಾರೆ! ಗುಲಾಬಿ ಬಣ್ಣದ್ದು ಇತ್ತಲ್ಲ! ಬೆಕ್ಕಿನ ಕಿವಿ ಇರೋ ಹೆಡ್‌ಫೋನೂ ಕೊಡ್ತಿದ್ದೆ!"

ಅಳು ಬರುವಷ್ಟು ಸಿಟ್ಟು ಬಂತು. ನಗೆ ಬರಬೇಕಾದ ಮಾತೇ ಅದು, ಈಗ ಬರೆಯುವಾಗ ಬರುತ್ತಿದೆ. ಆಗ ಬರಲಿಲ್ಲ. ಅಕ್ಕನಿಗೆ ಕುವೈತಿನ ಮನೆಯಲ್ಲಿ ಬೇರೆಯೇ ಹೆಸರಿಟ್ಟು ಕರೆಯುತ್ತಾರೆ, ದಿವಿನಾ ಎನ್ನಲು ನಾಲಿಗೆ ತಿರುಗುವುದಿಲ್ಲವಂತೆ. ಅವಳನ್ನು ಅವಳ ಹೆಸರಿನಿಂದ ಕರೆಯುವುದು ವಾರಕ್ಕೊಮ್ಮೆ, ಒಂದು ಕಾಡಿನಲ್ಲಿ. ಅಲ್ಲಿಗೆ ಹೋಗುವ ದಾರಿಯನ್ನು ನಾನು ಕೆಂಪು ದೀಪಕ್ಕೂ ಗುಲಾಬಿ ಬಣ್ಣಕ್ಕೂ ಬಿಟ್ಟುಕೊಡಬೇಕಾಗಿತ್ತೇ?

"ಬಣ್ಣ ಬೇಡ ಎಫ್ರೆನ್. ಆರುನೂರೈವತ್ತು ವ್ಯಾಟ್, ಟ್ರೂ ರೇಟೆಡ್. ಎಂಟು ಜಿಬಿಯ ಎರಡು ರ‍್ಯಾಮ್. ಚಿಕ್ಕ ಕಾರ್ಡು. ಜಾಲರಿ ಇರೋ ಪೆಟ್ಟಿಗೆ. ನಿನ್ನ ಹತ್ರ ಇದ್ರೆ ಕೊಡು. ಇಲ್ಲಾಂದ್ರೆ ನಾಲ್ಕನೇ ಅಂಗಡೀಲಿ ಇದೆ, ನಾನು ನೋಡ್ಕೊಂಡ್ ಬಂದಿದ್ದೀನಿ."

ಮಾರೆಯಾದವಳು ಹೇಳಬಾರದ ಮಾತು ಅದು. ಎಫ್ರೆನನ ಮುಖದಿಂದ ನಗು ಇಳಿಯಿತು. ಅವನು ನನ್ನ ತಲೆಯ ಮೇಲಿಂದ ರೆನಾಟೊನನ್ನು ಕೇಳಿದ:

"ಪಾರೆ, ಏನಂತೀಯ?"

ನಾನೂ ತಿರುಗಿ ನೋಡಿದೆ. ಒಂದು ಮಾತು ಸಾಕಿತ್ತು. ಅವಳಿಗೇ ಗೊತ್ತು, ಎಂದಿದ್ದರೆ ಆಗುತ್ತಿತ್ತು. ರೆನಾಟೊ ಕೈಯಲ್ಲಿ ನನ್ನ ಚಪ್ಪಲಿ ಹಿಡಿದು ನಿಂತಿದ್ದ, ಯಾವಾಗ ಎತ್ತಿಕೊಂಡನೋ. ಕಿವಿ ಕೆಂಪಾಗಿತ್ತು.

"ಅವಳು ಹೇಳಿದ ಹಾಗೆ ಮಾಡ್ಬಿಡು ಪಾರೆ," ಎಂದ. "ಇಲ್ಲಾಂದ್ರೆ ಇವತ್ತು ನನಗೆ ಊಟ ಇಲ್ಲ."

ಎಲ್ಲರೂ ನಕ್ಕರು. ಎಫ್ರೆನ್ ಕೂಡ, ಅವನ ಮಾನ ಉಳಿಯಿತಲ್ಲ. ಹೆಂಡತಿಗೆ ಹೆದರುವ ಗಂಡನ ಕಥೆಯಾದರೆ ಯಾರಿಗೂ ತೊಂದರೆಯಿಲ್ಲ. ನನಗೆ ಬೇಕಾದದ್ದು ಸಿಗುತ್ತಿತ್ತು, ಜಗಳಗಂಟಿ ಎಂಬ ಹೆಸರಿನ ಜೊತೆಗೆ. ಊಟ ಕೊಡದ ದಿನ ಅವನ ಬದುಕಿನಲ್ಲಿ ಒಂದೂ ಇಲ್ಲ. ಜ್ವರ ಬಂದಾಗಲೂ ಗಂಜಿ ಬೇಯಿಸಿಟ್ಟೇ ಮಲಗಿದ್ದೇನೆ.

ಎಫ್ರೆನ್ ತಿರುಪು ಬಿಚ್ಚಲು ಕೂತ. ನನ್ನ ಮುಂದೆಯೇ, ಒಂದೊಂದಾಗಿ, ತಾನು ಎರಡು ದಿನ ಕೂತು ಕಟ್ಟಿದ್ದನ್ನು. ತಂತಿಗಳನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದನೆಂದರೆ, ಆ ಕಟ್ಟುಗಳನ್ನು ಅವನು ಕತ್ತರಿಸುವಾಗ ನನಗೇ ಪಾಪವೆನಿಸಿತು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಯಾತಕ್ಕೆ ಎಂದು ಯೋಚಿಸಿದೆ. ಮುಚ್ಚಿದೆ.

"ಹೊಸದಾಗಿ ಕಟ್ಟೋಕೆ ಸಾಲು ಇದೆ," ಅವನು ತಲೆಯೆತ್ತದೆ ಹೇಳಿದ. "ಮಂಗಳವಾರ ಆಗತ್ತೆ. ಬುಧವಾರಾನೂ ಆಗ್ಬಹುದು."

"ಡಬ್ಬದಲ್ಲೇ ಕೊಡು. ಮನೇಲಿ ನಾನೇ ಕಟ್ಕೋತೀನಿ."

"ನೀನಾ?"

"ನಾನೇ. ಹಳೇದರೊಳಗಿಂದ ಮೂರು ಸಲ ಇರುವೆಗೂಡು ತೆಗೆದಿದ್ದೀನಿ."

ಅವನು ಹೊಸ ಬಿಡಿಭಾಗಗಳನ್ನು ಕೌಂಟರಿನ ಮೇಲೇ ಜೋಡಿಸಿ, ಹಚ್ಚಿ, ಪರದೆಯ ಮೇಲೆ ಅಕ್ಷರ ಮೂಡುವುದನ್ನು ತೋರಿಸಿ, ಮತ್ತೆ ಕಳಚಿ ಡಬ್ಬಗಳಿಗೆ ಹಾಕಿದ. ಗ್ಯಾರಂಟಿ ಕಾಗದದ ಮೇಲೆ ಮೊದಲೇ ರೆನಾಟೊನ ಹೆಸರು ಬರೆದಿತ್ತು. ಗಲ್ಲೆಯ ಹೆಂಗಸಿಗೆ ಅದನ್ನು ಹರಿದು ನನ್ನ ಹೆಸರಿಗೆ ಬೇರೆ ಬರೆಯಲು ಹೇಳಿದೆ. ಅವಳು ಒಮ್ಮೆ ಎಫ್ರೆನನ ಬೆನ್ನಿನ ಕಡೆ ನೋಡಿ, ಸದ್ದಾಗದ ಹಾಗೆ ಹರಿದಳು.

ಸೋಡಾ ಬರಲಿಲ್ಲ. ಬಾಗಿಲವರೆಗೂ ಎಫ್ರೆನ್ ಬರಲಿಲ್ಲ.

ರೈಲು ನಿಲ್ದಾಣದ ಮೆಟ್ಟಿಲು ಹತ್ತುವಾಗ ರೆನಾಟೊ ಖಾಲಿ ಪೆಟ್ಟಿಗೆ ಹೊತ್ತಿದ್ದ, ಒಳಗೆ ಹಾಕುವುದೆಲ್ಲ ನನ್ನ ಎರಡು ಚೀಲಗಳಲ್ಲಿತ್ತು. ಪ್ಲಾಟ್‌ಫಾರ್ಮ್ ಮುಟ್ಟಿ ಪೆಟ್ಟಿಗೆಯನ್ನು ಕೆಳಗಿಟ್ಟ.

"ಕ್ರಿಸ್ಟೆಲ್‌ಗೆ ಹದಿನೆಂಟು ತುಂಬೋ ದಿನ ಅವಳ ಜೊತೆ ಕುಣಿಯೋರಲ್ಲಿ ಅವನೇ ಮೊದಲು," ಎಂದ. "ಈಗ ಯಾವ ಮುಖ ಇಟ್ಕೊಂಡು ಕರೀಲಿ?"

ನಮ್ಮಲ್ಲಿ ಹುಡುಗಿಗೆ ಹದಿನೆಂಟಾದ ದಿನ ಹತ್ತಿರದ ಗಂಡಸರು ಒಬ್ಬೊಬ್ಬರಾಗಿ ಅವಳ ಜೊತೆ ಕುಣಿಯುವುದು ಸಂಪ್ರದಾಯ. ಇಂಥ ಪ್ರಶ್ನೆಗೆ ಉತ್ತರ ಹುಡುಕುವುದು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ. ಅನ್ನದ ಕಡುಬು ಮಾಡಿಕೊಂಡು ಎಫ್ರೆನನ ಮನೆಗೆ ಹೋಗಿ, ಅವನ ಹೆಂಡತಿಯ ಜೊತೆ ಅಡುಗೆಮನೆಯಲ್ಲಿ ಕೂತು ಎರಡು ಮಾತಾಡಿ ಎಲ್ಲವನ್ನೂ ಸರಿಮಾಡುವ ದಾರಿ ನನಗೆ ಗೊತ್ತಿತ್ತು. ಯಾವ ಕಡುಬು, ಯಾವ ದಿನ ಎಂಬುದೂ ತಾನಾಗಿಯೇ ತಲೆಯಲ್ಲಿ ಜೋಡಣೆಯಾಗತೊಡಗಿತು.

"ಅದೇ ಮುಖ ಇಟ್ಕೊಂಡು," ಎಂದೆ. "ನೀನೇ ಕರಿ."

ರೈಲು ಬಂತು. ಮುಂದಿನ ಬೋಗಿ ಹೆಂಗಸರಿಗೆ. ರೆನಾಟೊ ಪೆಟ್ಟಿಗೆ ಹೊತ್ತು ಹಿಂದಿನ ಬೋಗಿಯ ನೂಕುನುಗ್ಗಲಿನ ಕಡೆ ನಡೆದ, ನಾನು ಮುಂದಕ್ಕೆ. ಸೀಟು ಸಿಕ್ಕಿತು. ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಮದರ್‌ಬೋರ್ಡಿನ ಡಬ್ಬದ ಮೂಲೆ ಬಿಚ್ಚಿ ಬೆರಳು ತೂರಿಸಿದೆ. ಎಲ್ಲವನ್ನೂ ಉಳಿಸಿಡುವ ಡ್ರೈವನ್ನು ಬಿಗಿಯುವ ಆ ಅಕ್ಕಿಕಾಳಿನಷ್ಟು ತಿರುಪು ಇದೆಯೋ ಇಲ್ಲವೋ ನೋಡಲು ಅಂಗಡಿಯಲ್ಲಿ ಮರೆತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಕೇಳಿದಳು, "ಏನಮ್ಮಾ, ಏನು ಕಳೀತು?"

"ಏನೂ ಇಲ್ಲ ಅಜ್ಜಿ," ಎಂದೆ. "ನನ್ನ ಕಂಪ್ಯೂಟರು. ಎಲ್ಲ ಇದೆಯಾ ನೋಡ್ತಿದ್ದೀನಿ."